ಮೂಲೆಮನೆ ವಿಲ್ಮಾರನ ಫುಟ್‌ಪಾತ್

ವಿಲ್ಮಾರ್ ಎಚಾರ್ತ್ ನಮ್ಮ ಬೀದಿಯ ಕ್ಷೌರಿಕ. ಅಪ್ಪನಿಂದ ಬಂದ ಮೂಲೆಮನೆ, ಅದರ ಮುಂದಿನ ಕೋಣೆಯೇ ಅಂಗಡಿ. ಮೂಲೆಮನೆ ಎಂದ ಮೇಲೆ ಎರಡು ಬೀದಿಯ ಗಿರಾಕಿಗಳು ಬರುತ್ತಾರೆ, ಎರಡು ಬದಿಯ ಫುಟ್‌ಪಾತ್ ಕೂಡ ಕುತ್ತಿಗೆಗೆ ಬೀಳುತ್ತದೆ. ಉರುಗ್ವೆ ನದಿಯ ದಂಡೆಯ ನಮ್ಮ ವಿಲ್ಲಾ ಅರ್ಸೇನಿಯಾದಲ್ಲಿ ಫುಟ್‌ಪಾತಿನ ಮೇಲೆ ಯಾರು ಬೇಕಾದರೂ ನಡೆಯಬಹುದು, ಆದರೆ ಅದು ಒಡೆದರೆ ಸರಿಮಾಡಿಸಬೇಕಾದವನು ಅದರ ಹಿಂದಿನ ಮನೆಯ ಯಜಮಾನ. ಅದರಲ್ಲಿ ನೆಟ್ಟ ಮರ ಮಾತ್ರ ನಗರಸಭೆಯ ಸ್ವತ್ತು.

ನಾನು ಒಫೇಲಿಯಾ, ಎದುರುಮನೆಯ ದರ್ಜಿ. ನನ್ನ ಹೊಲಿಗೆ ಯಂತ್ರ ಕಿಟಕಿಯ ಪಕ್ಕದಲ್ಲಿದೆ. ಹಾಗಾಗಿ ಈ ಕಥೆಯ ಬಹುಪಾಲನ್ನು ನಾನು ಕೇಳಿದ್ದಲ್ಲ, ಕಂಡದ್ದು.

ವಿಲ್ಮಾರನ ಮನೆಯ ಪಕ್ಕದ ಬದಿಯ ಫುಟ್‌ಪಾತಿನಲ್ಲಿ, ನನ್ನ ಕಿಟಕಿಗೆ ಕಾಣುವಂತೆ, ಒಂದು ತೀಪಾ ಮರವಿದೆ. ಇಬ್ಬರು ಕೈಚಾಚಿದರೂ ತಬ್ಬಲಾಗದ ಬುಡ. ಅದರ ಬೇರು ಫುಟ್‌ಪಾತಿನ ಅಡಿಯಲ್ಲಿ ಹರಡಿ, ಮನೆಯ ಗೋಡೆಯವರೆಗೂ ಟೈಲ್ಸುಗಳನ್ನು ಎಬ್ಬಿಸಿ ನಿಲ್ಲಿಸಿತ್ತು. ಒಂದು ಮಾರ್ಚ್ ತಿಂಗಳಲ್ಲಿ ನಗರಸಭೆಯಿಂದ ನೋಟೀಸು ಬಂತು: ಮೂವತ್ತು ದಿನದೊಳಗೆ ಫುಟ್‌ಪಾತ್ ಸಮ ಮಾಡಿಸಬೇಕು, ತಪ್ಪಿದರೆ ದಂಡ.

ವಿಲ್ಮಾರ್ ಕಾನೂನಿಗೆ ಹೆದರುವ ಪ್ರಾಣಿ. ಮರುದಿನವೇ ಮೇಸ್ತ್ರಿ ನಿಕಾಸಿಯೊನನ್ನು ಕರೆಸಿದ. ನಿಕಾಸಿಯೊ ನಾಲ್ಕು ಟೈಲ್ಸು ಎತ್ತಿ ನೋಡಿ, ಕೈ ಒರೆಸಿಕೊಂಡು ಎದ್ದು ನಿಂತ.

"ಈ ಬೇರು ಕಡೀದೆ ಇದನ್ನ ಸಮ ಮಾಡೋಕೆ ಆಗಲ್ಲ ಕಣೋ. ಕಡಿದ್ರೆ ನಿನ್ನ ಜೊತೆ ನನ್ನನ್ನೂ ಎಳ್ಕೊಂಡು ಹೋಗ್ತಾರೆ. ಮೊದ್ಲು ಕಾಗದ ತಗೊಂಡು ಬಾ."

ಕಾಗದಕ್ಕಾಗಿ ವಿಲ್ಮಾರ್ ಅಂಗಡಿ ಮುಚ್ಚಿ ಓಡಾಡತೊಡಗಿದ. ಮರಗಳ ವಿಭಾಗದವರು ಬಂದು ಬುಡ ತಟ್ಟಿ, ಎಲೆ ನೋಡಿ, ಮರ ಆರೋಗ್ಯವಾಗಿದೆ, ಬೇರು ಮುಟ್ಟುವಂತಿಲ್ಲ ಎಂದು ಬರೆದುಕೊಟ್ಟರು. ಅದನ್ನೇ ಹಿಡಿದುಕೊಂಡು ರಸ್ತೆ ವಿಭಾಗಕ್ಕೆ ಹೋದರೆ, ಮರದ ವಿಷಯ ತಮಗೆ ಬರುವುದಿಲ್ಲ, ಫುಟ್‌ಪಾತ್ ಸಮ ಇದೆಯೋ ಇಲ್ಲವೋ ಅಷ್ಟೇ ತಮಗೆ ಬೇಕಾದದ್ದು ಎಂದರು. ಎರಡೂ ವಿಭಾಗ ಒಂದೇ ಕಟ್ಟಡದ ಒಂದೇ ಮಹಡಿಯಲ್ಲಿದ್ದವು. ನಡುವೆ ಹನ್ನೊಂದು ಹೆಜ್ಜೆ ಎಂದು ವಿಲ್ಮಾರ್ ನನಗೆ ಹೇಳಿದ್ದ. ಅಷ್ಟು ಸಲ ನಡೆದಿದ್ದನಲ್ಲ.

ಕೊನೆಗೆ ನಿಕಾಸಿಯೊ ಬೇರಿನ ಮೇಲೆ ಸಿಮೆಂಟಿನ ಇಳಿಜಾರು ಮಾಡಿಕೊಟ್ಟ. ನೋಡಲು ನುಣ್ಣಗಿತ್ತು, ನೋಟೀಸಿನ ವಾಯಿದೆಯೊಳಗೇ ಮುಗಿಯಿತು. ಮುಂದಿನ ವಸಂತಕ್ಕೆ ಬೇರು ಅದನ್ನು ರೊಟ್ಟಿ ಮುರಿದಂತೆ ಮುರಿದು ಹಾಕಿತು.

ಆ ಹೊತ್ತಿಗೆ ವಿಲ್ಮಾರನಿಗೆ ಈ ಊರಿನ ಮೇಲೆ ಮನಸ್ಸು ಇರಲಿಲ್ಲ. ಐವತ್ನಾಲ್ಕನೆಯ ವಯಸ್ಸಿನಲ್ಲಿ ಅವನಿಗೆ ಸುಲ್ಮಾ ಸಿಕ್ಕಿದ್ದಳು. ಸಮುದ್ರದ ಕಡೆಯ ಹಳ್ಳಿಯೊಂದರಲ್ಲಿ ಮೀನೂಟದ ಚಿಕ್ಕ ಹೋಟೆಲು ನಡೆಸುವ ವಿಧವೆ, ಜೋರು ನಗುವಿನ ಹೆಂಗಸು. ಎರಡು ವಾರಕ್ಕೊಮ್ಮೆ ಶನಿವಾರದ ಬಸ್ಸಿಗೆ ಬರುತ್ತಿದ್ದಳು. ಮನೆ ಮಾರಿ ಅಲ್ಲಿಗೆ ಹೋಗುವುದು, ಹೋಟೆಲಿನ ಪಕ್ಕದ ಕೋಣೆಯಲ್ಲಿ ಒಂದು ಕುರ್ಚಿ ಹಾಕಿಕೊಂಡು ಮೀನುಗಾರರ ತಲೆ ಕತ್ತರಿಸುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಕೊಳ್ಳುವವರೂ ಸಿಕ್ಕಿದ್ದರು.

ಜೂನ್ ತಿಂಗಳ ಒಂದು ಮಳೆಯ ಬೆಳಿಗ್ಗೆ ದೋನ್ಯಾ ಪಾಲ್ಮಿರಾ ಆ ಬೇರಿಗೆ ಎಡವಿ ಬಿದ್ದರು. ನಮ್ಮ ಬೀದಿಯ ಅರ್ಧ ಜನಕ್ಕೆ ಅಕ್ಷರ ಕಲಿಸಿದ ಟೀಚರ್, ವಿಲ್ಮಾರನಿಗೂ. ಬ್ರೆಡ್ಡಿನ ಚೀಲ ಒಂದು ಕಡೆ, ಕೊಡೆ ಒಂದು ಕಡೆ. ನಾನು ಓಡಿಹೋಗುವಷ್ಟರಲ್ಲಿ ವಿಲ್ಮಾರ್ ತನ್ನ ಬಿಳಿ ಅಂಗಿ ಬಿಚ್ಚಿ ಅವರ ತಲೆಯಡಿಗೆ ಇಟ್ಟಿದ್ದ. ಸೊಂಟದ ಮೂಳೆ ಮುರಿದಿತ್ತು.

ಟೀಚರ್ ಆಸ್ಪತ್ರೆಯಲ್ಲಿದ್ದಾಗ ಅವರ ಅಣ್ಣನ ಮಗ ವಕೀಲರನ್ನು ಕಂಡ. ನಗರಸಭೆಯ ಮೇಲಲ್ಲ, ಮನೆಯ ಯಜಮಾನನ ಮೇಲೆ ಕೇಸು ಹಾಕಬೇಕೆಂದು ವಕೀಲರು ಹೇಳಿದರು. ವಿಲ್ಮಾರ್ ಕಿತ್ತಳೆ ಹಣ್ಣು ಹಿಡಿದುಕೊಂಡು ನೋಡಲು ಹೋದಾಗ ಟೀಚರ್ ಅವನ ಮುಖ ನೋಡಲಿಲ್ಲ, ಗೋಡೆ ನೋಡುತ್ತ ಮಾತಾಡಿದರಂತೆ.

"ಸಹಿ ನಂದೇ ಕಣಪ್ಪಾ. ನನ್ನ ನೋಡ್ಕೊಳ್ಳೋನು ಅವನೊಬ್ಬನೇ. ಹಾಕು ಅಂದ, ಹಾಕ್ದೆ."

"ನೀವು ಮಾಡಿದ್ದು ಸರಿ ಟೀಚರ್," ಎಂದು ವಿಲ್ಮಾರ್ ಹೇಳಿ ಬಂದ.

ಕೇಸಿರುವ ಮನೆಯ ಕ್ರಯಪತ್ರ ಮಾಡಲಾಗುವುದಿಲ್ಲ ಎಂದು ನೋಟರಿ ಕೈಚೆಲ್ಲಿದ. ಕೊಳ್ಳುವವರು ಎರಡು ತಿಂಗಳು ಕಾದು ಬೇರೆ ಮನೆ ಹಿಡಿದರು. ಆ ಶನಿವಾರ ಸುಲ್ಮಾ ಬಂದಾಗ ಇಬ್ಬರೂ ಅಂಗಡಿಯ ಬಾಗಿಲಲ್ಲಿ ಮಾತೆ ಎಲೆಯ ಬಿಸಿ ಕಷಾಯ ಕುಡಿಯುತ್ತ ಕೂತಿದ್ದರು. ಅವಳ ಅಳತೆಗೆ ಹೊಲಿದ ಲಂಗ ಕೊಡಲು ನಾನೂ ಹೋಗಿದ್ದೆ.

"ಮಾರೋಕಾಗ್ದಿದ್ರೆ ಬಿಡು. ಬೀಗ ಜಡಿದು ಬಾ," ಎಂದಳು ಸುಲ್ಮಾ. "ಮನೆ ಏನು ಅಳುತ್ತಾ?"

"ಬೀಗ ಹಾಕಿದ್ರೂ ಫುಟ್‌ಪಾತ್ ಹೊರಗೇ ಇರುತ್ತಲ್ಲ. ನಾಳೆ ಇನ್ಯಾರಾದ್ರೂ ಬಿದ್ರೆ?"

"ಬೀಳೋರನ್ನೆಲ್ಲ ನೀನೇ ಹಿಡೀತೀಯಾ?"

ವಿಲ್ಮಾರ್ ಮಾಡಿದ್ದು ಅದನ್ನೇ. ಕುರ್ಚಿಯನ್ನು ಪಕ್ಕದ ಕಿಟಕಿಯ ಕಡೆಗೆ ತಿರುಗಿಸಿಕೊಂಡ. ವಯಸ್ಸಾದವರೋ ಮಗು ಎತ್ತಿಕೊಂಡವರೋ ಬರುವುದು ಕಂಡರೆ, ಗಿರಾಕಿಯ ಅರ್ಧ ಗಡ್ಡ ಸೋಪಿನಲ್ಲೇ ಬಿಟ್ಟು, ಕತ್ತಿ ಕೆಳಗಿಟ್ಟು ಹೊರಗೆ ಓಡುತ್ತಿದ್ದ. ತೋಳು ಕೊಟ್ಟು ಬೇರು ದಾಟಿಸಿ ಬರುತ್ತಿದ್ದ. ಮೊದಮೊದಲು ಜನ ನಕ್ಕರು. "ವಿಲ್ಮಾರ್, ನನ್ನ ಮದುವೆ ಮಂಟಪಕ್ಕೂ ಹೀಗೇ ಕರ್ಕೊಂಡು ಹೋಗಪ್ಪಾ" ಎಂದು ಎಂಬತ್ತರ ಅಜ್ಜಿಯೊಬ್ಬಳು ಛೇಡಿಸಿದಳು. ಆಮೇಲೆ ಗಿರಾಕಿಗಳು ಕಾಯಲಾರದೆ ಚೌಕದ ಬಳಿಯ ಅಂಗಡಿಗೆ ಹೋಗತೊಡಗಿದರು. ಮಧ್ಯಾಹ್ನ ಊರೆಲ್ಲ ಮಲಗುವ ಹೊತ್ತಿನಲ್ಲೂ ಅವನು ಕಿಟಕಿ ಬಿಡುತ್ತಿರಲಿಲ್ಲ. ಮಳೆ ಬಂದರೆ ಊಟವೂ ನಿಂತೇ. ನದಿಯ ಕಡೆ ಹೋಗುವುದನ್ನು, ಕಾರ್ಡ್ಸ್ ಆಡುವುದನ್ನು ಬಿಟ್ಟ. ಸುಲ್ಮಾಳ ಹಳ್ಳಿಗೆ ಹೋಗುವುದಂತೂ ದೂರದ ಮಾತು. ಅವಳು ತಿಂಗಳಿಗೊಮ್ಮೆ ಬಂದಳು, ಆಮೇಲೆ ಚಳಿಗಾಲ ಎಂದಳು, ಆಮೇಲೆ ಬರಲಿಲ್ಲ.

ಒಂದು ದಿನ ಮಧ್ಯಾಹ್ನ ಅವನು ಕೊಡಲಿ ಹಿಡಿದು ಮರದ ಹತ್ತಿರ ನಿಂತಿದ್ದನ್ನು ನೋಡಿದೆ. ಎತ್ತಿದ, ಇಳಿಸಿದ. ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ನಾನು ಕಿಟಕಿಯಿಂದ ಹಿಂದೆ ಸರಿದೆ. ಕಡಿದರೆ ಕಂಡಿಲ್ಲ ಎಂದು ಹೇಳಲು ನನಗೊಂದು ನೆಪ ಬೇಕಿತ್ತು. ಆದರೆ ಏಟಿನ ಸದ್ದು ಕೇಳಲಿಲ್ಲ. ಇಣುಕಿದಾಗ ಅವನು ಮರಕ್ಕೆ ಬೆನ್ನು ತಿರುಗಿಸಿ ತನ್ನ ಗೋಡೆಯನ್ನು ನೋಡುತ್ತಿದ್ದ.

ಮರುವಾರ ನಿಕಾಸಿಯೊ ಸುತ್ತಿಗೆಯೊಂದಿಗೆ ಬಂದ. ಮರ ಮುಟ್ಟುವಂತಿಲ್ಲ, ಬೇರು ಮುಟ್ಟುವಂತಿಲ್ಲ. ಗೋಡೆ ಮಾತ್ರ ವಿಲ್ಮಾರನದು. ಆ ಬದಿಯ ಗೋಡೆ ಕೆಡವಿ, ಅಂಗಡಿಯನ್ನು ಎರಡು ಮಾರು ಒಳಗೆ ತಳ್ಳಿ, ಬಿಟ್ಟ ಜಾಗಕ್ಕೆ ಹೊಸ ಟೈಲ್ಸು ಹಾಕಿಸಿದ. ಬೇರು ದಾಟದೆ ಅದನ್ನು ಸುತ್ತಿ ನಡೆಯುವ ದಾರಿಯಾಯಿತು. ಗಿರಾಕಿಗಳು ಕಾಯುತ್ತಿದ್ದ ಸೋಫಾ, ಅಪ್ಪನ ಕಾಲದ ಎರಡನೆಯ ಕುರ್ಚಿ, ಗೋಡೆಯುದ್ದದ ಕನ್ನಡಿ ಎಲ್ಲವೂ ಹೋದವು.

"ಹುಚ್ಚು ಹಿಡಿದಿದೆಯಾ ನಿಂಗೆ? ಸ್ವಂತ ಮನೆನೇ ಬೀದಿಗೆ ಕೊಡೋದು ಅಂದ್ರೆ?" ಎಂದು ನಾನು ಕೇಳಿದ್ದಕ್ಕೆ, "ನಿದ್ದೆ ಬರುತ್ತೆ ಒಫೇಲಿಯಾ, ಅಷ್ಟು ಸಾಕು" ಎಂದ. ನಿಜವಾಗಿ ಆ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಸಂಜೆಯವರೆಗೆ ಮಲಗಿದ.

ಆಮೇಲೆ ಯಾರೂ ಬೀಳಲಿಲ್ಲ. ಟೀಚರ್ ಕೇಸು ಎರಡು ವರ್ಷ ನಡೆದು ರಾಜಿಯಲ್ಲಿ ಮುಗಿಯಿತು. ಮನೆ ಮಾರಬಹುದಿತ್ತು. ಆದರೆ ಆ ಚಳಿಗಾಲದಲ್ಲೇ ನಗರಸಭೆಯ ಇನ್ನೊಬ್ಬ ಅಧಿಕಾರಿ ಟೇಪು ಹಿಡಿದು ಬಂದು ಅಳೆದ. ಅನುಮತಿಯಿಲ್ಲದೆ ಕಟ್ಟಡ ಬದಲಾಯಿಸಿದ್ದಕ್ಕೆ ಹೊಸ ಕಡತ ತೆರೆದುಕೊಂಡಿತು. ಜೊತೆಗೆ, ಜನ ಓಡಾಡುವ ಆ ಪಟ್ಟಿಯೂ ಇನ್ನು ಫುಟ್‌ಪಾತೇ, ಅದರ ರಿಪೇರಿಯ ಹೊಣೆ ಮನೆಯವನದೇ ಎಂದು ಬರೆದ ಕಾಗದಕ್ಕೆ ಸಹಿ ಕೇಳಿದ. ವಿಲ್ಮಾರ್ ಓದಿ ನೋಡಿ ಸಹಿ ಹಾಕಿದ. ಸುಲ್ಮಾ ಹೋಟೆಲಿಗೆ ಪಾಲುದಾರನೊಬ್ಬನನ್ನು ಸೇರಿಸಿಕೊಂಡಳೆಂದು ಬಸ್ಸಿನವರು ಹೇಳಿದರು.

ಈಗ ಅವನಿಗೆ ಅರವತ್ತೆರಡು. ಒಂದೇ ಕುರ್ಚಿ. ಕಾಯುವವರಿಗೆ ಒಳಗೆ ಜಾಗವಿಲ್ಲದ್ದರಿಂದ ಕಳೆದ ವರ್ಷ ಹೊರಗಿನ ಹೊಸ ಪಟ್ಟಿಯ ಅಂಚಿನಲ್ಲಿ ಒಂದು ಬೆಂಚು ಹಾಕಿದ್ದಾನೆ. ಅದಕ್ಕೆ ಅನುಮತಿ ಬೇಕೇ ಎಂದು ಯಾರನ್ನೂ ಕೇಳಿಲ್ಲ.