ಗುಂಡಿ ಮಾರುವ ಲುಸೆತ್ ಮತ್ತು ಮೂರು ಮೀಟರು ಜಾಗ

ನಮ್ಮ ಮಾರುಕಟ್ಟೆಯಲ್ಲಿ ಯಾರು ಎಲ್ಲಿ ಮಲಗುತ್ತಾರೆ, ಯಾರು ಯಾರ ಹತ್ತಿರ ಮಾತು ಬಿಟ್ಟಿದ್ದಾರೆ, ಯಾರ ಗಂಡ ಯಾವ ಕಾಫಿ ಅಂಗಡಿಯಲ್ಲಿ ಕೂತು ಹೊತ್ತು ಕಳೆಯುತ್ತಾನೆ ಎಂಬುದೆಲ್ಲ ನನಗೆ ಗೊತ್ತಿರುತ್ತದೆ. ಹಾಗಂತ ನಾನೇನು ಚಾಡಿ ಹೇಳುವವಳಲ್ಲ. ಆಲಿವ್ ಕಾಯಿ ಮಾರುವವಳು. ಕೈಗೆ ಕೆಲಸವಿದ್ದರೂ ಕಿವಿ ಖಾಲಿಯಿರುತ್ತದೆ, ಅಷ್ಟೆ. ಅಂಥ ನನಗೂ ವರ್ಷಗಟ್ಟಲೆ ಬಗೆಹರಿಯದ ಒಂದು ಸಂಗತಿಯಿತ್ತು. ಅಂಗಿ ಗುಂಡಿ ಮಾರುವ ಲುಸೆತ್ ಬರಾಲ್ ಬೆಳಿಗ್ಗೆ ಮಾರುಕಟ್ಟೆಗೆ ಹೇಗೆ ಬರುತ್ತಾಳೆ?

ಇದೇನು ದೊಡ್ಡ ವಿಷಯ ಎಂದು ಕೇಳಬೇಡಿ. ಲುಸೆತ್ ಇರುವುದು ಗುಡ್ಡದಾಚೆಯ ಊರಿನಲ್ಲಿ. ಅಲ್ಲಿಂದ ಹೊರಡುವ ಮೊದಲ ರೈಲು ನಮ್ಮ ಮಾರ್ಸೇ ಪಟ್ಟಣ ಮುಟ್ಟುವ ಹೊತ್ತಿಗೆ ನಮ್ಮಲ್ಲಿ ಕರೆ ಮುಗಿದು ಎಲ್ಲರೂ ಮೇಜು ಹಾಕಿಯಾಗಿರುತ್ತದೆ. ಆದರೆ ಕರೆಗೆ ಮುಂಚೆಯೇ ಕಾರಂಜಿಯ ಕಟ್ಟೆಯ ಹತ್ತಿರ ಲುಸೆತ್ ನಿಂತಿರುತ್ತಾಳೆ! ಇಸ್ತ್ರಿ ಮಾಡಿದ ಬಿಳಿ ರವಿಕೆ, ಬಿಗಿದು ಕಟ್ಟಿದ ನರೆಗೂದಲು, ಪಕ್ಕದಲ್ಲಿ ಗುಂಡಿ ತುಂಬಿದ ಚಕ್ರದ ಪೆಟ್ಟಿಗೆ. ರೆಕ್ಕೆ ಇದೆಯಾ ಇವಳಿಗೆ?

ಕರೆ ಎಂದೆನಲ್ಲ, ಅದನ್ನು ಹೇಳಿಬಿಡುತ್ತೇನೆ. ನಮ್ಮಲ್ಲಿ ಎರಡು ಜಾತಿ. ನನ್ನಂಥ ಖಾಯಂ ಜಾಗದವರು ಒಂದು. ಜಾಗವಿಲ್ಲದವರು ಇನ್ನೊಂದು, ಅವರನ್ನು ಹಾರುಹಕ್ಕಿಗಳು ಅನ್ನುತ್ತೇವೆ. ಖಾಯಂನವರಲ್ಲಿ ಅವತ್ತು ಯಾರು ಬಂದಿಲ್ಲವೋ ಅವರ ಜಾಗ ಹಾರುಹಕ್ಕಿಗೆ. ನಗರಸಭೆಯ ರೂಬೋ ಸಾಹೇಬರು ಬಂದು ಕರಿ ಸೀಟಿ ಊದಿ, ಹಳಬರಿಂದ ಶುರುಮಾಡಿ ಒಬ್ಬೊಬ್ಬರ ಹೆಸರನ್ನು ಮೂರು ಸಲ ಕೂಗುತ್ತಾರೆ. ಒಂದು ಕೂಗಿಗೆ ಒಂದು ಸೀಟಿ. ಮೂರನೆಯದಕ್ಕೂ "ಇದ್ದೀನಿ" ಅನ್ನದಿದ್ದರೆ ಮುಂದಿನವರಿಗೆ ಹೋಯಿತು. ಒಬ್ಬರ ಪರವಾಗಿ ಇನ್ನೊಬ್ಬರು ಅನ್ನುವ ಹಾಗಿಲ್ಲ. ಲುಸೆತ್ ಹೀಗೆ ಕರೆಸಿಕೊಂಡೇ ಮುದುಕಿಯಾಗುತ್ತಿದ್ದಳು.

ಅವಳೇನು ಹುಟ್ಟಾ ಗುಡ್ಡದಾಚೆಯವಳಲ್ಲ. ಹಳೇ ಬಂದರಿನ ಮೇಲಿನ ಓಣಿಯಲ್ಲಿ ಬಾಡಿಗೆಗಿದ್ದಳು, ಗಂಡ ಸತ್ತಿದ್ದೂ ಅದೇ ಮನೆಯಲ್ಲಿ. ಮನೆಯೊಡತಿ ತೀರಿಕೊಂಡಮೇಲೆ ಮಗ ಬಂದ. "ನಮಗೇ ಮನೆ ಬೇಕು ಮದಾಮ್" ಎಂದ. ಅವಳು ಖಾಲಿ ಮಾಡಿದ ಮುಂದಿನ ತಿಂಗಳೇ ಬಾಗಿಲ ಪಕ್ಕದ ಗೋಡೆಗೆ, ದಿನಬಾಡಿಗೆಯ ಪ್ರವಾಸಿಗಳಿಗೆಂದು, ಅಂಕಿ ಒತ್ತಿ ತೆಗೆಯುವ ಬೀಗದಕೈ ಡಬ್ಬಿ ಬಂತು. ಪ್ರವಾಸಿಗಳು ಮೂರು ದಿನಕ್ಕೆ ಕೊಡುವ ದುಡ್ಡು ಲುಸೆತ್ ತಿಂಗಳಿಗೆ ಕೊಡುತ್ತಿದ್ದ ಬಾಡಿಗೆ. ಈಗ ಆ ಓಣಿಯಲ್ಲಿ ಅಂಚೆ ಡಬ್ಬಿಗಿಂತ ಅಂಥ ಡಬ್ಬಿಗಳೇ ಹೆಚ್ಚು. ನನ್ನ ಅತ್ತೆ, ಪುಣ್ಯಾತ್ಗಿತ್ತಿ, ಮನೆಯನ್ನೂ ಮಾರುಕಟ್ಟೆ ಜಾಗವನ್ನೂ ನನ್ನ ಪಾಲಿಗೆ ಬಿಟ್ಟುಹೋಗದಿದ್ದರೆ ನಾನೂ ಗುಡ್ಡ ಹತ್ತಬೇಕಿತ್ತು.

ಬೇರೆ ಮನೆ ಹುಡುಕಲಿಲ್ಲವೇ ಅವಳು? ಹುಡುಕಿದಳು. ಬಾಡಿಗೆಯ ಮೂರು ಪಟ್ಟು ಸಂಬಳ ತೋರಿಸಿ, ಜಾಮೀನು ತನ್ನಿ, ಖಾಯಂ ಕೆಲಸದ ಕಾಗದ ತನ್ನಿ ಎಂದರು ಎಲ್ಲರೂ. ಹಾರುಹಕ್ಕಿ ಎಲ್ಲಿಂದ ತರಬೇಕು? ರೈಲು ನಿಲ್ದಾಣದ ಹಿಂದಿನ ತೆಸ್ಸಿಯೇ ಎಂಬ ವಿಧವೆಯೊಬ್ಬಳೇ ಸ್ವಲ್ಪ ಕರಗಿ, "ಮಾರ್ಕೆಟ್ಟಲ್ಲಿ ಖಾಯಂ ಜಾಗ ಆಯ್ತು ಅಂತ ಕಾಗದ ತಂದ್ಬಿಡು, ಹಿಂದಿನ ಕೋಣೆ ನಿಂದೇ" ಎಂದಿದ್ದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಅಲ್ಲಿಯವರೆಗೆ ಅಂತ ಲುಸೆತ್ ಗುಡ್ಡದಾಚೆ ದೊಡ್ಡಪ್ಪನ ಮಗಳ ಮನೆ ಸೇರಿದಳು. ಇವಳಿಗೆ ಕೊಟ್ಟದ್ದು ಮೊದಲು ಕಾರು ನಿಲ್ಲಿಸುತ್ತಿದ್ದ ಕೋಣೆ.

ಕರೆಯ ಸಾಲಿನಲ್ಲಿ ಮೊದಲ ಹೆಸರು ಲುಸೆತ್‌ಳದು, ಎರಡನೆಯದು ಕಾಲುಚೀಲ ಮಾರುವ ಗರಬೆದ್‌ನದು. ನಾವು ಗಾರೊ ಅನ್ನುತ್ತೇವೆ. ಅರ್ಮೇನಿಯದವರ ಮಗ, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಗಂಟಲು. ಇವರಿಬ್ಬರೂ ಹಾವು ಮುಂಗುಸಿ. ದಿನಾ ಬೆಳಿಗ್ಗೆ ಅವರ ಜಗಳ ಕೇಳಿದಮೇಲೇ ನಮಗೆ ಕಾಫಿ ರುಚಿಸುತ್ತಿದ್ದದ್ದು.

"ಏನಮ್ಮಾ ಗುಂಡಿ ಮಹಾರಾಣಿ, ಇನ್ನೂ ಬದುಕಿದ್ದೀಯಾ? ನಿನ್ನ ಹೆಸರು ಅಳಿಸ್ತಾರೇನೋ ಅಂತ ಆಸೆಯಿಂದ ಬಂದಿದ್ದೆ."

"ನಿನ್ನ ಕಾಲುಚೀಲ ಒಂದು ಒಗೆತಕ್ಕೆ ತೂತು ಬೀಳತ್ತಲ್ಲ, ಹಾಗೆ ತೂತು ಬಿದ್ದಿದೆ ನಿನ್ನ ಆಸೆಗೆ. ಹೋಗೋ ಅತ್ಲಾಗೆ!"

ಹೀಗಿರುವಾಗ ಚೀಸ್ ಮಾರುವ ಮುದುಕ ಮಾಕ್ಸಿಮ್ಯಾಂ ಅಂಗಡಿ ಬಿಡುತ್ತೇನೆಂದ. ನನ್ನೆದುರು, ಮರದ ನೆರಳಲ್ಲಿ ಅವನದು ಮೂರು ಮೀಟರು ಜಾಗ. ಬರುವ ಶನಿವಾರದ ಕರೆಯಲ್ಲಿ ಸಾಲಿನ ಮೊದಲಿಗರಿಗೆ ಅದು ಖಾಯಂ ಎಂದು ರೂಬೋ ಸಾಹೇಬರು ಸಾರಿದರು. ಎಂದರೆ ಲುಸೆತ್‌ಗೆ. ಅವಳು ಮೂರನೇ ಕೂಗಿಗೂ ಇಲ್ಲದಿದ್ದರೆ ಗಾರೊಗೆ. ಲುಸೆತ್ ಆ ಮಧ್ಯಾಹ್ನ ನನ್ನ ಹತ್ತಿರ ಬಂದು, "ಒಡಿಲ್, ನಿನ್ನೆದುರು ಬರ್ತೀನಿ ಕಣೇ" ಎಂದಳು. ಕಣ್ಣು ತುಂಬಿತ್ತು. ನನಗೂ ತಡೆಯಲಾಗಲಿಲ್ಲ, ಅವಳ ಕೈಗೆ ಒಂದು ಹಿಡಿ ಆಲಿವ್ ಹಾಕಿದೆ.

ಬುಧವಾರ ರೈಲು ಮುಷ್ಕರ. ಬಸ್ಸೂ ಇಲ್ಲ. ಅಯ್ಯೋ, ಯಾವ ದಾರಿಯಲ್ಲಿ ಬರುತ್ತಿದ್ದರೂ ಇವತ್ತು ಇವಳ ಕಥೆ ಮುಗಿಯಿತು ಎಂದುಕೊಂಡು ಬಂದು ನೋಡಿದರೆ, ಕಾರಂಜಿ ಹತ್ತಿರ ಬಿಳಿ ರವಿಕೆ!

"ಹೇಗೆ ಬಂದ್ಯೇ ಮಾರಾಯ್ತಿ?"

"ಕಾಲಲ್ಲಿ" ಎಂದಳು.

ಮೊಣಕಾಲು ನೋವೆಂದು ಕಾಫಿ ಅಂಗಡಿಯ ಮೆಟ್ಟಿಲನ್ನೂ ಕುಂಟುತ್ತಾ ಹತ್ತುವವಳು ಗುಡ್ಡ ದಾಟಿ ಕಾಲಲ್ಲಿ ಬಂದಳಂತೆ. ನನಗೆ ಊಟ ಸೇರಲಿಲ್ಲ. ಗುರುವಾರ ನಸುಕಿನಲ್ಲೇ ಎದ್ದು ಇಗರ್ಜಿಯ ಹಿಂದಿನ ಬೀದಿಯಲ್ಲಿ ಕಸದ ತೊಟ್ಟಿಯ ಮರೆಗೆ ನಿಂತೆ. ಈ ವಯಸ್ಸಲ್ಲಿ ಬೇಕಿತ್ತಾ ಅಂದರೆ, ಹೌದು, ಬೇಕಿತ್ತು. ಒಂದು ಹಳೇ ವ್ಯಾನು ಬಂದು ನಿಂತಿತು. ಲುಸೆತ್ ಇಳಿದಳು, ಪೆಟ್ಟಿಗೆ ಇಳಿಸಿಕೊಂಡಳು. ವ್ಯಾನಿನ ಕಿಟಕಿಯಿಂದ ದೊಡ್ಡ ಮೀಸೆಯೊಂದು ಹೊರಬಂದು, "ಮಂಡಿ ಹುಷಾರು ಲುಸೆತ್, ಕಲ್ಲು ಜಾರತ್ತೆ" ಎಂದಿತು.

ಗಾರೊ! ಅವಳು ಒಂದು ದಿನ ತಪ್ಪಿಸಿಕೊಂಡರೆ ಅವಳ ಜಾಗಕ್ಕೆ ಬರಬೇಕಾದವನೇ ಅವಳನ್ನು ದಿನಾ ಹೊತ್ತು ತರುತ್ತಿದ್ದಾನೆ. ಸ್ವಲ್ಪ ಹೊತ್ತಿಗೆ ಆಚೆ ಬೀದಿಯಿಂದ ಅವನು ಮಾರುಕಟ್ಟೆಗೆ ಬಂದು, "ಏನಮ್ಮಾ ಗುಂಡಿ ಮಹಾರಾಣಿ" ಎಂದು ಶುರುಮಾಡಿದ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮಧ್ಯಾಹ್ನ ಲುಸೆತ್‌ಳನ್ನು ಮೂಲೆಗೆ ಎಳೆದು ಕೇಳಿಯೇಬಿಟ್ಟೆ. ಅವಳ ಮುಖ ಬಿಳುಚಿತು.

"ಬಾಯ್ಬಿಟ್ಟೀಯ ಮತ್ತೆ! ಅವನೂ ಅದೇ ಊರಲ್ಲಿದ್ದಾನೆ, ಮಾರ್ಸೇಲಿ ಬಾಡಿಗೆ ಕೊಡೋಕೆ ಅವನಿಗೂ ಆಗಲಿಲ್ಲ. ಇಬ್ಬರೂ ಒಂದೇ ವ್ಯಾನಲ್ಲಿ ಬರ್ತೀವಿ ಅಂತ ಯಾರಾದ್ರೂ ಹೇಳಿದ್ರೆ, ಒಂದೇ ವ್ಯಾಪಾರ, ಎರಡು ಹೆಸರು ಅಂತ ಬರ್ಕೊಂಡು ಇಬ್ಬರನ್ನೂ ಸಾಲಿಂದ ತೆಗೀತಾರೆ. ಒಂದು ಮನೆಗೆ ಒಂದೇ ಜಾಗ, ಗೊತ್ತಲ್ಲ ನಿನಗೆ."

"ಅದಕ್ಕೇನಾ ದಿನಾ ಜಗಳ?"

"ಮೊದಲು ಅದಕ್ಕೇ. ಈಗ ರೂಢಿ ಆಗಿದೆ."

ಶನಿವಾರ ಬಂತು. ಮಾಕ್ಸಿಮ್ಯಾಂ ತನ್ನ ಜಾಗ ಗುಡಿಸಿ ಕೊಟ್ಟು ಪಕ್ಕದಲ್ಲಿ ನಿಂತಿದ್ದ. ಹಾರುಹಕ್ಕಿಗಳೆಲ್ಲ ಸೇರಿದ್ದರು. ಕಾರಂಜಿಯ ಕಡೆ ನೋಡುತ್ತೇನೆ, ಬಿಳಿ ರವಿಕೆ ಇಲ್ಲ. ಗಾರೊ ಇದ್ದಾನೆ, ಒಬ್ಬನೇ, ಏದುಸಿರು ಬಿಡುತ್ತಾ. ನನ್ನ ಮೈ ಉರಿದುಹೋಯಿತು. ಬಿಟ್ಟು ಬಂದನಲ್ಲ ಪಾಪಿ! ಎಲ್ಲ ದಿನ ಕರೆತಂದು, ಬೇಕಾದ ದಿನವೇ ಕೈಕೊಟ್ಟನಲ್ಲ!

ಸೀಟಿ. "ಬರಾಲ್!"

ಯಾರೂ ಇಲ್ಲ.

"ಎಲ್ಲೋ ಅವಳು?" ಎಂದು ಅವನ ಕಿವಿಯ ಹತ್ತಿರ ಹಲ್ಲು ಕಡಿದೆ. "ನಿನ್ನ ವ್ಯಾನಿಗೆ ಬೆಂಕಿ ಬೀಳ!"

"ಬೈಬೇಡಕ್ಕಾ" ಎಂದ ಗಾರೊ, ತುಟಿ ಅಲುಗದ ಹಾಗೆ. "ಕಸದ ಲಾರಿ ಕೆಟ್ಟು ರಸ್ತೆ ಕಟ್ಟಿದೆ. ನಡ್ಕೊಂಡು ಬರ್ತಿದ್ದಾಳೆ. ಮಂಡಿ ನೋವು, ಓಡೋಕಾಗ್ತಿಲ್ಲ. ನೀನೇ ಮುಂದೆ ಹೋಗಿ ಕರೆ ತಡಿ ಅಂದ್ಳು."

ಸೀಟಿ. "ಬರಾಲ್!"

ಗಾರೊ ಜನರನ್ನು ತಳ್ಳಿಕೊಂಡು ಮುಂದೆ ಹೋಗಿ, ಮಾಕ್ಸಿಮ್ಯಾಂ ಗುಡಿಸಿದ ಜಾಗದ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

"ನಿಲ್ಲಿಸಿ ಸಾಹೇಬ್ರೇ! ಮೊದಲು ನನಗೆ ನ್ಯಾಯ ಬೇಕು. ಹೋದ ವಾರ ಚರಂಡಿ ಮೇಲೆ ಜಾಗ ಕೊಟ್ರಲ್ಲ, ನನ್ನ ಕಾಲುಚೀಲ ಎಲ್ಲ ನಾತ ಹೊಡೀತು. ಯಾರು ಜವಾಬ್ದಾರಿ?"

"ಚರಂಡಿಗೇ ನಿನ್ನ ಕಾಲುಚೀಲದ ನಾತ ಬಡೀತು!" ಎಂದು ಮೀನಿನವಳು ಕೂಗಿದಳು. ಎಲ್ಲರೂ ನಕ್ಕರು.

"ಏಳಯ್ಯಾ, ತಮಾಷೆ ಮಾಡ್ಬೇಡ" ಎಂದು ರೂಬೋ ಸಾಹೇಬರು ಬಗ್ಗಿ ಅವನ ತೋಳು ಹಿಡಿದರು. ಅದೇ ತಪ್ಪಾಯಿತು. ಗಾರೊ ಅವರ ಕೊರಳಿನ ಸೀಟಿ ಕಿತ್ತು ಎಸೆದ. ಅದು ಹಾರಿ ಬಂದು ನನ್ನ ಕಪ್ಪು ಆಲಿವ್ ತೊಟ್ಟಿಗೆ ಬುಳಕ್ಕನೆ ಬಿತ್ತು.

ನಾನು ಅಂಗಿ ತೋಳು ಮಡಚಿ ಮೊಣಕೈವರೆಗೂ ಉಪ್ಪುನೀರಿಗೆ ಕೈಹಾಕಿದೆ.

"ಬೇಗ ತೆಗಿ ಒಡಿಲ್!"

"ಹುಡುಕ್ತಿದ್ದೀನಲ್ಲ ಸಾಹೇಬ್ರೇ! ಸೀಟಿನೂ ಕಪ್ಪು, ಆಲಿವೂ ಕಪ್ಪು, ನಾನೇನ್ ಮಾಡ್ಲಿ? ಇದಾ? ಅಲ್ಲ, ಇದು ಕಾಯಿ. ಇದಾ? ಇದೂ ಕಾಯಿ. ನೀವೇ ಒಂದು ರುಚಿ ನೋಡಿ ಹೇಳಿ."

ನಿಜ ಹೇಳಬೇಕೆಂದರೆ ಸೀಟಿ ಮೊದಲ ಮುಳುಗಿಗೇ ಸಿಕ್ಕಿತ್ತು. ಮುಷ್ಟಿಯಲ್ಲಿ ಬಿಗಿಹಿಡಿದು ತೊಟ್ಟಿಯ ತಳ ಕಲಕುತ್ತಾ ಇಗರ್ಜಿಯ ಮೂಲೆಯನ್ನೇ ನೋಡುತ್ತಿದ್ದೆ. ಬೆಳ್ಳುಳ್ಳಿ ಹಾಕಿದ ಉಪ್ಪುನೀರು ಮುಖಕ್ಕೆಲ್ಲ ಹಾರಿತು. ಬಾರೇ, ಬಾರೇ ತಾಯಿ! ರೂಬೋ ಸಾಹೇಬರು ಸೀಟಿ ಇಲ್ಲದೆಯೇ ಕೂಗುತ್ತೇನೆಂದರು. ಆಗ ಮಾಕ್ಸಿಮ್ಯಾಂ ಮುದುಕ ಕೋಲು ಕುಟ್ಟಿ, "ನನ್ನ ಜಾಗ ಸೀಟಿ ಇಲ್ಲದೆ ಹೋಗಕೂಡದು, ನಾನೇನು ಕಳ್ಳಮಾಲು ಮಾರ್ತಿದ್ನಾ?" ಎಂದು ರೇಗಿದ. ಅವನಿಗೆ ಒಳಗಿನ ವಿಷಯ ಗೊತ್ತಿರಲಿಲ್ಲ. ಬರೀ ಮರ್ಯಾದೆಯ ಪ್ರಶ್ನೆ.

ಮೂಲೆಯಲ್ಲಿ ಬಿಳಿ ರವಿಕೆ ಕಂಡಿತು. ಕೂದಲು ಬಿಚ್ಚಿಹೋಗಿದೆ, ಪೆಟ್ಟಿಗೆಯ ಒಂದು ಚಕ್ರ ಮುರಿದಿದೆ, ಅದನ್ನು ಎಳೆಯುತ್ತಾ ಕುಂಟುತ್ತಾ ಬರುತ್ತಿದ್ದಾಳೆ.

"ಸಿಕ್ತು ಸಾಹೇಬ್ರೇ!"

ಅವರು ಒರೆಸಿಕೊಂಡು ಊದಿದರು. ಸೀಟಿಯಿಂದ ಸದ್ದಿಗಿಂತ ನೀರೇ ಹೆಚ್ಚು ಬಂತು. "ಬರಾಲ್!"

"ಇದ್ದೀನಿ" ಎಂದಳು ಲುಸೆತ್.

ಆ ಮೂರು ಮೀಟರು ಅವಳದಾಯಿತು. ಆದರೆ ರೂಬೋ ಸಾಹೇಬರು ಸುಮ್ಮನೆ ಬಿಡುವ ಆಸಾಮಿಯೇ? ಗಾರೊಗೆ ಎರಡು ವಾರ ಮಾರುಕಟ್ಟೆ ಬಂದ್, ಹೆಸರು ಸಾಲಿನ ಕಟ್ಟಕಡೆಗೆ. ಇಷ್ಟು ವರ್ಷ ಕಾದದ್ದೆಲ್ಲ ಉಪ್ಪುನೀರು ಪಾಲು. ಅದನ್ನು ಕೇಳಿ ಲುಸೆತ್ ಅವನನ್ನು ನನ್ನ ಅಂಗಡಿ ಹಿಂದಕ್ಕೆ ಎಳೆದು ಎದೆಗೆ ಗುದ್ದಿದಳು.

"ಯಾವನೋ ನಿನಗೆ ಸೀಟಿ ಕೀಳು ಅಂದಿದ್ದು? ತಡಿ ಅಂದೆನೇ ಹೊರತು ಹಾಳಾಗು ಅಂದೆನಾ? ಎಲ್ಲ ಕಳ್ಕೊಂಡ್ಯಲ್ಲೋ ಪೆದ್ದ!"

ಅಷ್ಟು ದಿನ ಅವರ ಜಗಳ ಕೇಳಿದ ನನಗೆ ಗೊತ್ತು, ಅವತ್ತಿನದೊಂದೇ ನಿಜವಾದದ್ದು. ಅವಳು ಅಳುತ್ತಿದ್ದಳು.

ಆಮೇಲೊಂದು ದಿನ ಗಾರೊನನ್ನು ಕೇಳಿದೆ. "ಸುಮ್ನೆ ನಿಂತಿದ್ರೆ ಜಾಗ ನಿಂದಾಗ್ತಿತ್ತಲ್ಲೋ. ಯಾಕೆ ಮಾಡ್ದೆ?"

"ಆಗ್ತಿತ್ತು ಅಕ್ಕಾ" ಎಂದು ಮೀಸೆ ತಿರುವಿದ. "ಆದ್ರೆ ಮಾರನೇ ದಿನವೂ ಆ ವ್ಯಾನಲ್ಲಿ ಅವಳ ಪಕ್ಕದಲ್ಲೇ ಕೂತು ಬರಬೇಕಿತ್ತಲ್ಲ."

ಲುಸೆತ್ ಈಗ ತೆಸ್ಸಿಯೇ ವಿಧವೆಯ ಹಿಂದಿನ ಕೋಣೆಯಲ್ಲಿದ್ದಾಳೆ. ಕಿಟಕಿ ತೆಗೆದರೆ ಎದುರಿನವರ ಗೋಡೆ. ಸಂಪಾದನೆಯ ಅರ್ಧ ಬಾಡಿಗೆಗೇ ಹೋಗುತ್ತದೆ. ಆದರೂ ಊರೊಳಗೆ ಮಲಗುತ್ತಾಳೆ, ಮಾರುಕಟ್ಟೆಗೆ ನಡೆದೇ ಬರುತ್ತಾಳೆ. ಖಾಯಂನವಳಾದ್ದರಿಂದ ಕರೆಗೆ ನಿಲ್ಲುವ ಹಂಗಿಲ್ಲ. ಆದರೂ ಎಲ್ಲರಿಗಿಂತ ಮುಂಚೆ ಬಂದು ಕಾರಂಜಿ ಹತ್ತಿರ ನಿಂತಿರುತ್ತಾಳೆ. ಯಾಕಿರಬಹುದೆಂದು ನಾನು ತಲೆಕೆಡಿಸಿಕೊಂಡಿದ್ದೆ.

ಮೊನ್ನೆ ತಿಳಿಯಿತು. ರೂಬೋ ಸಾಹೇಬರು ಸಾಲಿನ ಕೊನೆಗೆ ಬಂದರು. ಗಾರೊನ ಪತ್ತೆಯಿಲ್ಲ. ಒಂದು ಕೂಗು ಆಯಿತು, ಎರಡಾಯಿತು. ಮೂರನೆಯದಕ್ಕೆ ಸೀಟಿ ಬಾಯಿಗಿಡುವಷ್ಟರಲ್ಲಿ ಲುಸೆತ್ ಸೂಜಿದಾರ ಹಿಡಿದು ಅವರೆದುರು ಹಾಜರು.

"ಅಯ್ಯೋ ಸಾಹೇಬ್ರೇ, ನಿಮ್ಮ ಕತ್ತುಪಟ್ಟಿ ಗುಂಡಿ ಎಲ್ಲಿ? ಈ ಚಳೀಲಿ ಗಂಟಲು ಕಟ್ಟಿದ್ರೆ ನಾಳೆ ನಮ್ಮನ್ನ ಕೂಗೋರು ಯಾರು? ನಿಲ್ಲಿ, ಹೊಲಿದುಬಿಡ್ತೀನಿ."

"ಆಮೇಲೆ ಹೊಲಿಯಮ್ಮಾ..."

"ಮಾತಾಡ್ಬೇಡಿ! ಸೂಜಿ ಗಂಟಲ ಹತ್ರ ಇದೆ."

ರೂಬೋ ಸಾಹೇಬರು ಗಲ್ಲ ಎತ್ತಿಕೊಂಡು, ಉಸಿರು ಹಿಡಿದು, ಆಕಾಶ ನೋಡುತ್ತಾ ನಿಂತರು. ಲುಸೆತ್ ಹೊಲಿದಳು, ಬಿಚ್ಚಿದಳು, ದಾರ ಸರಿಯಿಲ್ಲವೆಂದು ಮತ್ತೆ ಹೊಲಿದಳು. ಹಳೇ ವ್ಯಾನಿನ ಗಡಗಡ ಸದ್ದು ಇಗರ್ಜಿಯ ಮೂಲೆಯಲ್ಲಿ ಕೇಳಿದಮೇಲೇ ದಾರವನ್ನು ಹಲ್ಲಿನಿಂದ ಕಡಿದದ್ದು.

"ವಿಚಿತ್ರ" ಎಂದರು ಸಾಹೇಬರು ಕತ್ತು ಸವರಿಕೊಳ್ಳುತ್ತಾ. "ಬೆಳಿಗ್ಗೆ ಮನೆಯಿಂದ ಹೊರಡುವಾಗ ಇತ್ತಲ್ಲ ಈ ಗುಂಡಿ."

ಲುಸೆತ್ ಸಣ್ಣ ಕತ್ತರಿಯನ್ನು ಜೇಬಿಗೆ ಇಳಿಸಿಕೊಂಡು ನನ್ನ ಕಡೆ ನೋಡಿದಳು. ನಾನು ಆಲಿವ್ ತೊಟ್ಟಿ ಕಲಕತೊಡಗಿದೆ.