ಹೆಚ್ಚಾದ ಒಂದು ಮಾತು

ಅರಸೀಕೆರೆಯ ನಮ್ಮ ಚರ್ಚಿಗೆ ಆ ಪಾಸ್ಟರು ಬಂದಾಗ ನಾನು ಕಾಲೇಜಿನಲ್ಲಿದ್ದೆ. ಯಾರ ಮನೆಗೆ ಹೋದರೂ ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಾ, "ಮೊದ್ಲು ಮಾತಾಡೋಣ, ಆಮೇಲೆ ಪ್ರಾರ್ಥನೆ" ಅನ್ನುತ್ತಿದ್ದರು. ಮಕ್ಕಳ ಓದಿನಿಂದ ಹಿಡಿದು ಸೊಂಟನೋವಿನವರೆಗೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ಒಂದು ಭಾನುವಾರ ಅಮ್ಮನ ಸಕ್ಕರೆ ಕಾಯಿಲೆಗಾಗಿ ಸಭೆಯ ಮುಂದೆ ಪ್ರಾರ್ಥಿಸಿದರು. ಆ ಭರದಲ್ಲಿ, "ಈ ತಾಯಿಗೆ ಇನ್ನು ಕಾಯಿಲೆಯಿಲ್ಲ" ಎಂದುಬಿಟ್ಟರು. ಅಮ್ಮ ಅದನ್ನು ನಂಬಿ, ನಮಗೆ ಯಾರಿಗೂ ಹೇಳದೆ ಮಾತ್ರೆ ಬಿಟ್ಟಳು. ಮೂರನೇ ವಾರ ಅಡುಗೆಮನೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಳು.

ಪಾಸ್ಟರು ಆಸ್ಪತ್ರೆಗೆ ಓಡಿಬಂದರು. ಎಚ್ಚರಗೊಂಡ ಅಮ್ಮ, "ನನ್ನ ನಂಬ್ಕೆ ಸಾಲ್ದೆ ಹೋಯ್ತು, ಪಾಸ್ಟ್ರೇ" ಎಂದು ಅತ್ತಳು.

ಅವರು ಕನ್ನಡಕ ತೆಗೆದು ಮಂಚದ ಪಕ್ಕ ಕೂತರು. "ನಿಮ್ಮ ನಂಬಿಕೆ ಸರಿಯಾಗೇ ಇದೆಯಮ್ಮ. ನನ್ನ ಮಾತು ಹೆಚ್ಚಾಯ್ತು" ಎಂದರು.

ಮುಂದಿನ ಭಾನುವಾರ ಬೈಬಲ್ ಪ್ರಸಂಗ ಶುರುಮಾಡುವ ಮೊದಲೇ, ನಡೆದದ್ದನ್ನೆಲ್ಲ ಸಭೆಗೆ ಹೇಳಿದರು. "ತಪ್ಪು ನಂದು. ಡಾಕ್ಟ್ರು ಕೊಟ್ಟ ಮಾತ್ರೆ ಯಾರೂ ಬಿಡ್ಬೇಡಿ."

ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರೊಬ್ಬರು ಅವರನ್ನು ಬಾಗಿಲಲ್ಲೇ ತಡೆದರು. "ಇದನ್ನ ಎಲ್ರ ಮುಂದೆ ಹೇಳ್ಬೇಕಿತ್ತಾ? ಜನ ಇನ್ನು ನಿಮ್ಮ ಮಾತು ಕೇಳ್ತಾರಾ?"

"ಪ್ರಾರ್ಥನೆ ಎಲ್ರ ಮುಂದೇನೇ ಮಾಡಿದ್ನಲ್ಲ, ಅಣ್ಣಾ."

ಅಷ್ಟರಲ್ಲಿ ಮುದುಕಿಯೊಬ್ಬಳು ಹತ್ತಿರ ಬಂದು ಮೆಲ್ಲಗೆ, "ಅವತ್ತಿನ ಪ್ರಾರ್ಥನೆ ಕೇಳಿ ನಾನೂ ಬಿ.ಪಿ. ಮಾತ್ರೆ ಬಿಟ್ಟಿವ್ನಿ ಕಣಪ್ಪ" ಎಂದಳು.

ಪಾಸ್ಟರು ಬೈಬಲನ್ನು ನನ್ನ ಕೈಗಿತ್ತು, ಆಕೆಯನ್ನು ಆಟೊ ಹತ್ತಿಸಿಕೊಂಡು ಆಸ್ಪತ್ರೆಗೆ ಹೊರಟರು.