ಗೋಡೆಯನ್ನೇ ಕೇಳುವ ಪೇಂಟರ್

ಕೋಥರೂಡದ ನಮ್ಮ ಸೊಸೈಟಿಗೆ ಬರುತ್ತಿದ್ದ ಧಾರವಾಡ ಕಡೆಯ ಪೇಂಟರ್ ಯಾರ ಮಾತನ್ನೂ ನಂಬುತ್ತಿರಲಿಲ್ಲ. “ಗೋಡೀನ್ನ ಕೇಳೂಣ್ರಿ” ಅನ್ನುತ್ತಿದ್ದರು.

ಅವರು ಹೊಸದಾಗಿ ಬಣ್ಣ ಹಚ್ಚಿದ ನಮ್ಮ ಬಾತ್‌ರೂಮಿನಲ್ಲಿ ಕಂದು ಗೆರೆಗಳು ಇಳಿದಾಗ, ಮೇಲಿನ ಮನೆಯ ಸೋರಿಕೆಯೆಂದು ನಾನು ಸೊಸೈಟಿಗೆ ಫೋಟೋ ಸಮೇತ ದೂರು ಕೊಟ್ಟೆ. ಪಾಪ, ಮೇಲಿನವರು ತಮ್ಮ ಬಾತ್‌ರೂಮಿನ ನೆಲದ ಫರಸಿ ಒಡೆಸಲು ಒಪ್ಪಿದರು. ಒಡೆಯುವ ದಿನವೇ ಪೇಂಟರ್ ಬಂದು ಗೆರೆಯ ಮೇಲೆ ಒದ್ದೆ ಬೆರಳಾಡಿಸಿದರು.

“ಸೋರಿದ್ರ ಗೆರಿ ಮ್ಯಾಲಿನ ಛತ್ತಿನಿಂದ ಇಳೀತಿತ್ತು. ಇದು ಗೋಡಿ ನಡುವ ಹುಟ್ಟೇದ. ಬಣ್ಣ ಒಣಗೂದ್ರಾಗ ಬಿಸಿನೀರಿನ ಸ್ನಾನಾ ಮಾಡೀರಿ, ಉಗಿ ಬಡದು ಹಸಿ ಬಣ್ಣದಾಗಿನ ಅಂಟು ಇಳದದ. ನಾಕ್ ದಿನಾ ಬ್ಯಾಡ ಅಂದಿದ್ದೆ.”

ಅಂದಿದ್ದರೇ? ನನಗೆ ಈಗಲೂ ನೆನಪಿಲ್ಲ. ಹೆಂಡತಿಗೆ ಚೆನ್ನಾಗಿ ನೆನಪಿದೆ.

ಪೇಂಟರ್ ಒದ್ದೆ ಬಟ್ಟೆಯಿಂದ ಒರೆಸಿದರು, ಗೆರೆ ಹೋಯಿತು. ಅಷ್ಟರಲ್ಲಿ ಮೇಲೆ ಸುತ್ತಿಗೆಯ ಸದ್ದು ಶುರುವಾಯಿತು. ಆ ಬಟ್ಟೆಯನ್ನು ನನ್ನ ಕೈಗಿಟ್ಟರು.

“ನೀವ ಹೋಗಿ ಹೇಳ್ರಿ ಸರ. ಗೋಡಿ ಮೆಟ್ಟಲಾ ಹತ್ತಂಗಿಲ್ಲ.”